ಎಂಬಕಸಿಯ ಡೇಟಾಬೇಸಿಗೆ ನನ್ನ ನಾಟಿ ವೈದ್ಯ

ಡೇಟಾಬೇಸ್ ನೋಡಿಕೊಳ್ಳುವ ಕೆಲಸದಲ್ಲಿ ತಿಂಗಳಿಗೊಂದಾದರೂ ಎಡವಟ್ಟು ನಡೆಯದೆ ಇರುವುದಿಲ್ಲ. ಅದು ಸರಿಯಾಗಿ ಓಡುತ್ತಿರುವಾಗ ನಾನು ಆಫೀಸಿಗೆ ಬಂದಿದ್ದೇನೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ. ನಿಂತ ಗಳಿಗೆಯಲ್ಲಿ ಮಾತ್ರ ವಾಚ್‌ಮನ್‌ಗೂ ನನ್ನ ಹೆಸರು ನೆನಪಿರುತ್ತದೆ.

ನಾನು ನೈರೋಬಿಯಲ್ಲಿ ಔಷಧಿ ಹಂಚುವ ಕಂಪನಿಯೊಂದರಲ್ಲಿದ್ದೇನೆ. ಮನೆ ಕಿಲೆಲೆಶ್ವಾದ ಫ್ಲಾಟು, ಆಫೀಸು ಎಂಬಕಸಿಯ ಗೋದಾಮಿನ ಮೇಲಿನ ಮಹಡಿ. ಯಾವ ಮಾತ್ರೆ ಯಾವ ಕಪಾಟಿನಲ್ಲಿದೆ, ಯಾವ ಆಸ್ಪತ್ರೆಗೆ ಏನು ಹೋಯಿತು ಎನ್ನುವುದೆಲ್ಲ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿದೆ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದದ್ದು ಅದು. ಅದು ನಿಂತರೆ ಲಾರಿ ನಿಲ್ಲುತ್ತದೆ. ಲಾರಿ ನಿಂತರೆ ಎಲ್ಲೋ ಒಂದು ವಾರ್ಡಿನಲ್ಲಿ ನರ್ಸ್ ಒಬ್ಬಳು ಖಾಲಿ ಕಪಾಟಿನ ಮುಂದೆ ನಿಲ್ಲುತ್ತಾಳೆ. ಹಾಗಾಗಿ ಕೆಳಗಿನ ಯಾವುದೂ ನಡೆಯುವಾಗ ನನಗೆ ನಗು ಬರಲಿಲ್ಲ. ಆಮೇಲೆ ಬಂತು. ನಕ್ಕು ಮುಗಿಸಿದ ಮೇಲೆ, ಕೆಳಗೆ ಬರುವ ಇವರೆಲ್ಲ ಇಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತು ಅಂತಲೂ ಅನಿಸಿತು.

ಗುಡಿಸುವ ಕೆಲಸ

ಕೆಲಸಕ್ಕೆ ಸೇರಿದ ಹೊಸತು. ಸರ್ವರ್ ದಿನದಿನಕ್ಕೆ ನಿಧಾನವಾಗುತ್ತಿತ್ತು. ಈ ಡೇಟಾಬೇಸಿನಲ್ಲಿ ಅಳಿಸಿದ ಸಾಲುಗಳು ಅಳಿಸಿದ ಕೂಡಲೇ ಹೋಗುವುದಿಲ್ಲ, ಕಸದ ಹಾಗೆ ಅಲ್ಲೇ ಬಿದ್ದಿರುತ್ತವೆ. ಅದನ್ನು ಗುಡಿಸುವ ಕೆಲಸಕ್ಕೆ ವ್ಯಾಕ್ಯೂಮ್ ಅಂತ ಹೆಸರು. ಬೆಳಗಿನ ಮೀಟಿಂಗಿನಲ್ಲಿ ನಾನು, ಊಟದ ಹೊತ್ತಿನಲ್ಲಿ ಸರ್ವರಿಗೆ ವ್ಯಾಕ್ಯೂಮ್ ಮಾಡಬೇಕು ಎಂದೆ. ಕಚೇರಿ ವ್ಯವಸ್ಥೆ ನೋಡಿಕೊಳ್ಳುವ ಮ್ಯಾನೇಜರು ಅದನ್ನು ಶ್ರದ್ಧೆಯಿಂದ ಬರೆದುಕೊಂಡರು.

ಮಧ್ಯಾಹ್ನ ನನ್ನ ಮೇಜಿನಿಂದಲೇ ಆಜ್ಞೆ ಕೊಟ್ಟು ಕೂತೆ. ಅದು ಓಡಿ ಮುಗಿಯಿತು. ಸರ್ವರ್ ಮಾತ್ರ ಹಾಗೇ ತೆವಳುತ್ತಿತ್ತು. ಅಷ್ಟರಲ್ಲಿ ಸರ್ವರ್ ಕೋಣೆಯಿಂದ ಗೊರ್ರೆಂದು ಸದ್ದು ಬಂತು. ಓಡಿಹೋಗಿ ನೋಡಿದರೆ, ನಾವೆಲ್ಲ ಇಲ್ಲಿನ ಸ್ವಾಹಿಲಿಯಲ್ಲಿ ಮಾಮಾ, ಅಂದರೆ ಅಮ್ಮ, ಎಂದು ಕರೆಯುವ ಗುಡಿಸುವ ಹೆಂಗಸು ನಿಜವಾದ ವ್ಯಾಕ್ಯೂಮ್ ಕ್ಲೀನರ್ ಹಿಡಿದು ಸರ್ವರಿನ ಹಿಂದೆ ಮಂಡಿಯೂರಿದ್ದಳು. ಮ್ಯಾನೇಜರೇ ಕಳಿಸಿದ್ದರು. ಯಾವ ವೈರು ಕಿತ್ತಳೋ ಎಂದು ನಾನೂ ಬಗ್ಗಿ ನೋಡಿದೆ.

ಒಂದನ್ನೂ ಕಿತ್ತಿರಲಿಲ್ಲ. ವೈರುಗಳನ್ನೆಲ್ಲ ತನ್ನ ತಲೆಬಟ್ಟೆಯಿಂದ ಒಂದು ಕಡೆಗೆ ಕಟ್ಟಿ, ಗಾಳಿಯಾಡುವ ಜಾಲರಿಯಿಂದ ಬೆಕ್ಕಿನ ಮರಿಯಷ್ಟು ದಪ್ಪದ ಧೂಳಿನ ಉಂಡೆಯನ್ನು ಹೊರಗೆ ತೆಗೆದಿದ್ದಳು. ಎಂಬಕಸಿಯ ಕೆಂಪು ಧೂಳು. ಪಾಪದ ಸರ್ವರು ಉಸಿರಾಡಲಾಗದೆ ಕಾದು, ತಾನೇ ವೇಗ ಇಳಿಸಿಕೊಂಡು ಕೂತಿತ್ತು. ಅರ್ಧ ಗಂಟೆಯಲ್ಲಿ ತಣ್ಣಗಾಗಿ ಓಡತೊಡಗಿತು.

ಸಂಜೆಯ ವರದಿಯಲ್ಲಿ, ವ್ಯಾಕ್ಯೂಮ್ ಮಾಡಿದ್ದರಿಂದ ಸರಿಹೋಯಿತು ಎಂದು ಬರೆದೆ. ಸುಳ್ಳೇನಲ್ಲ. ಮಾಮಾಗೆ ಅಸಾಂಟೆ, ಅಂದರೆ ಥ್ಯಾಂಕ್ಸ್, ಹೇಳಲು ಹೋದಾಗ ಅವಳು ಗಂಭೀರವಾಗಿ ಕೇಳಿದಳು: "ಮುಂದಿನ ತಿಂಗಳದ್ದು ನೀವು ಮಾಡ್ತೀರೋ, ಕೆಲಸ ಆಗಬೇಕು ಅಂದರೆ ನಾನೇ ಮಾಡಲೋ?"

ಹತ್ತೂಕಾಲರ ಗ್ರಹಣ

ಒಂದು ಕಾಲದಲ್ಲಿ ದಿನಾ ಬೆಳಿಗ್ಗೆ ಹತ್ತೂಕಾಲಿಗೆ ಸರಿಯಾಗಿ ಗೋದಾಮಿನ ಎಲ್ಲ ಕಂಪ್ಯೂಟರುಗಳೂ ಸ್ತಬ್ಧವಾಗುತ್ತಿದ್ದವು. ಇಪ್ಪತ್ತು ನಿಮಿಷ ಯಾವುದೂ ಅಲ್ಲಾಡುತ್ತಿರಲಿಲ್ಲ. ಆಮೇಲೆ ಏನೂ ಆಗದವರ ಹಾಗೆ ಮತ್ತೆ ಶುರು. ಕೆಲವರು ಕರೆಂಟನ್ನು ಬೈದರು, ಕೆಲವರು ನೆಟ್‌ವರ್ಕನ್ನು ಬೈದರು, ಉಳಿದವರು ನನ್ನನ್ನು ಬೈದರು.

ಒಂದು ದಿನ ಆ ಹೊತ್ತಿಗೇ ಕಾದು ಕೂತು, ಡೇಟಾಬೇಸಿನೊಳಗೆ ಯಾರು ಯಾರು ಏನು ಮಾಡುತ್ತಿದ್ದಾರೆಂದು ಪಟ್ಟಿ ತೆಗೆದೆ. ಒಬ್ಬರು ಮಾತ್ರ ಕೆಲಸ ಶುರುಮಾಡಿ, ಮುಗಿಸದೆ, ಬಿಡದೆ ಸುಮ್ಮನೆ ಇದ್ದರು. ತುಂಬಿದ ಮನೆಯಲ್ಲಿ ಒಬ್ಬರು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ನಿದ್ದೆ ಹೋದರೆ ಹೇಗೋ ಹಾಗೆ. ಉಳಿದವರೆಲ್ಲ ಹೊರಗೆ ಟವೆಲು ಹಿಡಿದು ಸಾಲಾಗಿ ನಿಂತಿದ್ದರು.

ಜಾಡು ಹಿಡಿದು ಕೆಳಗಿಳಿದೆ. ಅದು ರವಾನೆ ವಿಭಾಗದ ಮುಖ್ಯಸ್ಥೆಯ ಕಂಪ್ಯೂಟರು. ಕಂಪನಿಯಲ್ಲಿ ಅವರಷ್ಟು ಹಳಬರು ಇನ್ನೊಬ್ಬರಿಲ್ಲ. ಪರದೆಯ ಮೇಲೆ ದಾಸ್ತಾನಿನ ಅಂಕಿ ತಿದ್ದಿತ್ತು, ಉಳಿಸಲೇ ಎಂಬ ಪ್ರಶ್ನೆ ತೆರೆದಿತ್ತು, ಕುರ್ಚಿ ಖಾಲಿಯಿತ್ತು. ಅವರು ಕ್ಯಾಂಟೀನಿನಲ್ಲಿ ಟೀ ಮತ್ತು ಎರಡು ಮಂದಾಜಿಯ ಮುಂದೆ ಸಿಕ್ಕರು. ಮಂದಾಜಿ ಅಂದರೆ ನಮ್ಮ ಮಂಗಳೂರು ಬನ್ಸಿನ ದೂರದ ನೆಂಟ.

ನಾನು ವಿಷಯ ಹೇಳಿದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡರು. ಔಷಧಿಯ ಅಂಕಿಯನ್ನು ಅವಸರದಲ್ಲಿ ಉಳಿಸಬೇಡ, ಒಂದು ಟೀ ಕುಡಿದು ಬಂದು ಇನ್ನೊಮ್ಮೆ ನೋಡು ಎಂದು ಅವರು ಮೊದಲು ಕೆಲಸಕ್ಕಿದ್ದ ಕಡೆಯ ಮಾಲೀಕರು ಕಲಿಸಿದ್ದರಂತೆ. ನಾನು ವಾದ ಮಾಡಲು ಹೋಗಲಿಲ್ಲ. ಅವರ ಕೈಯಿಂದ ಇದುವರೆಗೆ ಒಂದೇ ಒಂದು ತಪ್ಪು ಪೆಟ್ಟಿಗೆ ಹೊರಗೆ ಹೋಗಿಲ್ಲ. ಐದು ನಿಮಿಷ ಸುಮ್ಮನೆ ಕೂತವರನ್ನು ಹೊರಗೆ ಹಾಕುವ ಗಡುವನ್ನು ಸರ್ವರಿನಲ್ಲಿ ಇಟ್ಟೆ. ಮಾರನೆಯ ದಿನ ಅವರು ಮಹಡಿ ಹತ್ತಿ ಬಂದು, ನಿಮ್ಮ ಯಂತ್ರಕ್ಕೆ ಒಂದು ಟೀ ಮುಗಿಯುವಷ್ಟೂ ತಾಳ್ಮೆ ಇಲ್ಲವೇ ಎಂದು ಬೇಸರದಿಂದ ಕೇಳಿದರು.

ವಿಷಯ ಕಂಪನಿಯ ಯಜಮಾನರವರೆಗೂ ಹೋಯಿತು. ಇಷ್ಟು ದಿನದ ತೊಂದರೆಗೆ ಮೂಲ ಕಾರಣ ಏನು, ಒಂದೇ ಮಾತಿನಲ್ಲಿ ಹೇಳಿ ಎಂದರು. ಬೇರೆ ಮಾತು ಹೊಳೆಯಲಿಲ್ಲ, "ಮಂದಾಜಿ, ಸರ್" ಎಂದೆ. ಅವರು, ಹಾಗಾದರೆ ಟೀ ಮಂದಾಜಿಯನ್ನು ಅವರ ಮೇಜಿಗೇ ಕಳಿಸಿ ಎಂದರು. ಆಮೇಲೆ ಎಲ್ಲರೂ ಕೇಳಿದರು, ಎಲ್ಲರ ಮೇಜಿಗೂ ಬರತೊಡಗಿತು. ಇವತ್ತಿಗೂ ಹತ್ತೂಕಾಲಿಗೆ ಬಿಸಿ ಟೀ ಕೈಗೆ ಬಂದಾಗ ಆ ಹೆಂಗಸನ್ನು ಮನಸ್ಸಿನಲ್ಲೇ ನೆನೆಯುತ್ತೇನೆ. ಆಡಿಟ್‌ಗೆ ಬಂದವರು ಮಾತ್ರ ನಮ್ಮ ದೋಷಗಳ ಪುಸ್ತಕ ತಿರುವುತ್ತಾ ಒಂದು ಕಡೆ ನಿಲ್ಲುತ್ತಾರೆ. ಮೂಲ ಕಾರಣ ಎಂಬಲ್ಲಿ "ಮಂದಾಜಿ, ಎರಡು" ಎಂದಿದೆ.

ದೊಡ್ಡ ಮನೆ

ಇದು ನನ್ನದೇ ತಪ್ಪು. ಯಂತ್ರಕ್ಕೆ ಮೆಮೊರಿ ಸಾಲದು, ದೊಡ್ಡದು ಬೇಕು ಎಂದು ಯಜಮಾನರ ಹಿಂದೆ ತಿಂಗಳುಗಟ್ಟಲೆ ಬಿದ್ದೆ. ಅವರು ಇಲ್ಲೇ ಹುಟ್ಟಿ ಬೆಳೆದ ಗುಜರಾತಿ ಹಿರಿಯರು. ಕೊನೆಗೆ ನಾಲ್ಕು ಪಟ್ಟು ಮೆಮೊರಿಯ ಹೊಸ ಯಂತ್ರ ತರಿಸಿದರು, ಪೂಜೆಗೆ ತೆಂಗಿನಕಾಯಿಯನ್ನೂ ತಾವೇ ತಂದರು. ಯಂತ್ರ ಶುರುವಾಯಿತು. ವೇಗ ಒಂದು ಕೂದಲೆಳೆಯಷ್ಟೂ ಹೆಚ್ಚಲಿಲ್ಲ.

ಮೂರು ದಿನ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಕಾಣಿಸಿತು. ಎಷ್ಟು ಮೆಮೊರಿ ಬಳಸಿಕೋ ಎಂದು ಡೇಟಾಬೇಸಿಗೆ ನಾವೇ ಬರೆದು ಹೇಳಬೇಕು. ಹೇಳದಿದ್ದರೆ ಅದು ಹುಟ್ಟಿದಾಗ ಕೊಟ್ಟ ಪುಟ್ಟ ಮೂಲೆಯಲ್ಲೇ ಮುದುರಿಕೊಂಡಿರುತ್ತದೆ. ನಾನು ಆ ಒಂದು ಸಾಲನ್ನು ಬದಲಿಸುವುದನ್ನೇ ಮರೆತಿದ್ದೆ. ರಾಜೀನಾಮೆ ಕೇಳುತ್ತಾರೆಂದುಕೊಂಡೇ ಹೋಗಿ ಒಪ್ಪಿಕೊಂಡೆ.

ಯಜಮಾನರು ಬೈಯಲಿಲ್ಲ. ತಮ್ಮ ತಾಯಿಗೆ ಕರೆನ್ ಬಡಾವಣೆಯಲ್ಲಿ ದೊಡ್ಡ ತೋಟದ ಮನೆ ಕಟ್ಟಿಸಿಕೊಟ್ಟರೂ ಆಕೆ ಕಡೆಯವರೆಗೂ ಅಡುಗೆಮನೆಯಲ್ಲೇ ಚಾಪೆ ಹಾಸಿ ಮಲಗುತ್ತಿದ್ದರು ಎಂದು ನೆನೆದರು. ಆಮೇಲೆ ಹೇಳಿದರು: "ನಿನ್ನ ಡೇಟಾಬೇಸು ಒಂದು ಸಾಲು ಬರೆದರೆ ಕೇಳುತ್ತಲ್ಲ, ನೀನು ಪುಣ್ಯವಂತೆ. ನನ್ನ ತಾಯಿಗೆ ನಾನು ಹತ್ತು ವರ್ಷ ಹೇಳಿದೆ."

ವಾರಸುದಾರರಿಲ್ಲದ ವಸ್ತು

ಇದೇ ಯಜಮಾನರಿಗೆ ಒಂದು ಅನುಮಾನ ಇದ್ದೇ ಇತ್ತು. ಪುಕ್ಕಟೆ ಸಿಗುವ ಈ ಡೇಟಾಬೇಸು ಕೈಕೊಟ್ಟರೆ ಯಾರಿಗೆ ಫೋನ್ ಮಾಡುವುದು? ಪ್ರಪಂಚದ ಎಲ್ಲ ಕಡೆ ಗೊತ್ತಿದ್ದವರಿದ್ದಾರೆ, ಕೇಳಿದರೆ ಹೇಳುತ್ತಾರೆ ಎನ್ನುತ್ತಿದ್ದೆ. ಅವರು ನಂಬಿಕೆ ಬಾರದವರ ಹಾಗೆ ತಲೆಯಾಡಿಸುತ್ತಿದ್ದರು.

ಒಂದು ಶನಿವಾರ ಬೆಳಿಗ್ಗೆ, ಮಕ್ಕಳ ಕೆಮ್ಮಿನ ಸಿರಪ್ಪಿನ ಒಂದು ಬ್ಯಾಚಿನಲ್ಲಿ ದೋಷವಿದೆ, ಎಲ್ಲವನ್ನೂ ವಾಪಸ್ ತರಿಸಿ ಎಂದು ತಯಾರಕರಿಂದ ಸುದ್ದಿ ಬಂತು. ಯಾವ ಯಾವ ಕ್ಲಿನಿಕ್ಕಿಗೆ ಅದು ಹೋಗಿದೆ ಎಂಬ ಪಟ್ಟಿ ತಕ್ಷಣ ಬೇಕು. ನಾನು ಮನೆಯಿಂದಲೇ ಹುಡುಕಲು ಕೊಟ್ಟೆ. ಮುಕ್ಕಾಲು ಗಂಟೆ ಆದರೂ ಉತ್ತರವಿಲ್ಲ. ಅಷ್ಟರಲ್ಲಿ ಯಾವುದೋ ಮಗುವಿನ ಬಾಯಿಗೆ ಚಮಚ ಹೋಗುತ್ತಿರಬಹುದು.

ಡೇಟಾಬೇಸಿನವರು ಪ್ರಶ್ನೆ ಕೇಳುವ ಒಂದು ವೇದಿಕೆಯಲ್ಲಿ ನನ್ನ ಕಷ್ಟ ಬರೆದೆ. ಹೆಸರು ಹಾಕದ ಯಾರೋ ಒಬ್ಬರು ಕೂಡಲೇ ಉತ್ತರಿಸಿದರು, ಮೇಷ್ಟರ ದನಿಯಲ್ಲಿ. ಪ್ರಶ್ನೆ ಸರಿಯಾಗಿಲ್ಲ, ಡೇಟಾಬೇಸು ಹೇಗೆ ಹುಡುಕುತ್ತಿದೆ ಎಂದು ಅದರ ಬಾಯಿಂದಲೇ ಹೇಳಿಸಿ ಇಲ್ಲಿ ಹಾಕಿ ಎಂದರು. ಹಾಕಿದೆ. ನೀವು ಪ್ರತಿ ಬ್ಯಾಚ್ ನಂಬರಿನ ಇಂಗ್ಲಿಷ್ ಅಕ್ಷರಗಳನ್ನೂ ದೊಡ್ಡಕ್ಷರ ಮಾಡಿ ಹೋಲಿಸುತ್ತಿದ್ದೀರಿ, ನಿಮ್ಮ ಇಂಡೆಕ್ಸ್, ಅಂದರೆ ಪುಸ್ತಕದ ಕೊನೆಯ ಪದಸೂಚಿಯಂಥದ್ದು, ಇರುವುದು ಮೂಲ ನಂಬರಿಗೆ; ಅದಕ್ಕೇ ಡೇಟಾಬೇಸು ಇಂಡೆಕ್ಸ್ ಬಿಟ್ಟು ಇಡೀ ಗೋದಾಮನ್ನೇ ಜಾಲಾಡುತ್ತಿದೆ ಎಂದರು.

ಪರಿಹಾರ ಬರುವಷ್ಟರಲ್ಲಿ ಮನೆಯ ಕರೆಂಟು ಹೋಯಿತು. ಫೋನಿನ ನೆಟ್ಟಿನಿಂದ ಮತ್ತೆ ಒಳಗೆ ಹೋದೆ. ಅವರ ಸಂದೇಶ ಬಂದಿತ್ತು: ತಡೆಯಿರಿ, ನಮ್ಮಲ್ಲಿ ಕರೆಂಟಿಲ್ಲ, ಜನರೇಟರಿಗೆ ಡೀಸೆಲ್ ಕೂಡ ಇಲ್ಲ. ನನ್ನ ಕಟ್ಟಡದ ಕೇರ್‌ಟೇಕರ್ ಕೂಡ ಆಗಷ್ಟೇ ಕೆಳಗಿನಿಂದ ಕೂಗಿ ಅದನ್ನೇ ಹೇಳಿದ್ದ. ಯಾವ ಊರು ಎಂದು ಬರೆದೆ. ನೈರೋಬಿ. ಎಲ್ಲಿ? ಕಿಲೆಲೆಶ್ವಾ. ನೀಲಿ ಗೇಟಿನ ಕಟ್ಟಡವೇ ಎಂದೆ. ಆಮೇಲೆ ಬಂದದ್ದು ಒಂದೇ ಪದ: ಮಹಡಿ?

ಫ್ಲಾಟಿನ ನಂಬರು ಬರೆದ ಎರಡು ನಿಮಿಷದಲ್ಲಿ ಬಾಗಿಲು ಬಡಿದ ಸದ್ದಾಯಿತು. ಲ್ಯಾಪ್‌ಟಾಪ್ ಹಿಡಿದು ನಿಂತಿದ್ದವರು ನಾಲ್ಕನೆಯ ಮಹಡಿಯ ನಿವೃತ್ತ ಲೆಕ್ಚರರು. ಅವರು ದಿನಾ ತಮ್ಮ ಕಾರನ್ನು ನನ್ನ ಕಾರಿಗೆ ಅಡ್ಡವಾಗಿ ನಿಲ್ಲಿಸುತ್ತಿದ್ದರು. ಅದೇ ಕಾರಣಕ್ಕೆ ನಮ್ಮಿಬ್ಬರಿಗೆ ಎಂಟು ತಿಂಗಳಿಂದ ಮಾತಿರಲಿಲ್ಲ.

ಇಬ್ಬರೂ ಊಟದ ಮೇಜಿಗೆ ಕೂತೆವು. ದೊಡ್ಡಕ್ಷರದ ನಂಬರಿಗೇ ಬೇರೆ ಇಂಡೆಕ್ಸ್ ಕಟ್ಟಿಸಿದರು. ಮುಕ್ಕಾಲು ಗಂಟೆಯಲ್ಲಿ ಬಾರದ ಪಟ್ಟಿ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಮಧ್ಯಾಹ್ನದೊಳಗೆ ಎಲ್ಲ ಕ್ಲಿನಿಕ್ಕಿಗೂ ಫೋನು ಹೋಯಿತು. ಹೆಚ್ಚಿನ ಬಾಟಲಿಗಳ ಮುಚ್ಚಳವನ್ನೇ ಇನ್ನೂ ತೆರೆದಿರಲಿಲ್ಲ. ತೆರೆದವನ್ನೂ ಸಮಯಕ್ಕೆ ಸರಿಯಾಗಿ ಬಳಕೆಯಿಂದ ತೆಗೆದು ಎತ್ತಿಟ್ಟರು. ಅದನ್ನು ಕೇಳಿ ನನಗೆ ಅಳು ಬಂತು. ಅವರು ಗೋಡೆ ನೋಡುತ್ತಾ ನನ್ನ ಫಿಲ್ಟರ್ ಕಾಫಿ ಕುಡಿದರು.

ಹೊರಡುವಾಗ ಧೈರ್ಯ ಮಾಡಿ, ಸರ್, ಆ ಪಾರ್ಕಿಂಗ್ ವಿಷಯ ಎಂದು ಬಾಯಿ ತೆರೆದೆ.

"ಅದು ಬೇರೆ ಪ್ರಶ್ನೆ," ಎಂದರು ಲೆಕ್ಚರರು. "ಬೇರೆಯಾಗಿ ಹಾಕಿ."

ಶಾಲೆಯ ಡೇರೆಯಲ್ಲಿ

ಮಗಳ ಶಾಲೆ ಕರೆನ್‌ನಲ್ಲಿದೆ. ಅಲ್ಲಿ ಕ್ರೀಡಾದಿನ. ತಾಯಿತಂದೆಯರಿಗೆಂದು ಹಾಕಿದ ಡೇರೆಯಲ್ಲಿ ಕೂತಿದ್ದೆ. ಪಕ್ಕದಲ್ಲಿ ಯಾರದೋ ಅಜ್ಜಿ, ತಲೆಗೆ ಹ್ಯಾಟು, ಕಣ್ಣಿಗೆ ಕಪ್ಪು ಕನ್ನಡಕ. ಮಗಳು ಓಡಿಬಂದು, "ಅಮ್ಮಾ, ಮೈ ರೇಸ್ ಈಸ್ ನೆಕ್ಸ್ಟ್" ಎಂದು ಹೇಳಿಹೋದಳು. ಆಗ ಫೋನು ಬಂತು.

ಮಾಡಿದವನು ನನ್ನ ಜೊತೆ ಕೆಲಸ ಮಾಡುವ ಮೈಸೂರಿನವನು. ಮಾರಾಟ ವಿಭಾಗದ ಯಾರೋ ಒಬ್ಬರು ಐದು ವರ್ಷದ ವರದಿಯನ್ನು ಒಟ್ಟಿಗೇ ಕೇಳಿದ್ದರು. ಅಷ್ಟು ದೊಡ್ಡ ಕೆಲಸ ಬಂದರೆ ಡೇಟಾಬೇಸಿನಲ್ಲಿ ಒಂದು ಪ್ರಕ್ರಿಯೆ ತನ್ನ ಕೆಳಗೆ ಇನ್ನಷ್ಟು ಸಣ್ಣ ಪ್ರಕ್ರಿಯೆಗಳನ್ನು ಹುಟ್ಟಿಸಿಕೊಂಡು ಕೆಲಸ ಹಂಚುತ್ತದೆ. ನಾವಿಬ್ಬರೂ ದೊಡ್ಡದನ್ನು ಅಪ್ಪ, ಸಣ್ಣವನ್ನು ಮಕ್ಕಳು ಅನ್ನುತ್ತೇವೆ. ಅವನ್ನು ನಿಲ್ಲಿಸುವುದಕ್ಕೆ ಕೊಲ್ಲುವುದು ಅಂತಲೂ, ಬಲವಂತವಾಗಿ ನಿಲ್ಲಿಸುವ ಕೊನೆಯ ಆಜ್ಞೆಗೆ ಒಂಬತ್ತನೇ ನಂಬರು ಅಂತಲೂ ಹೆಸರು. ಈ ಸಂಸಾರ ಇಡೀ ಸರ್ವರ್ ಆಕ್ರಮಿಸಿದ್ದರಿಂದ ಗೋದಾಮಿನ ಬಾಗಿಲಲ್ಲಿ ಔಷಧಿ ತುಂಬಿದ ಲಾರಿಗಳು ನಿಂತುಬಿಟ್ಟಿದ್ದವು.

ಸುತ್ತ ಯಾರಿಗೂ ಅರ್ಥವಾಗದಿರಲಿ ಎಂದು ಅಚ್ಚ ಕನ್ನಡದಲ್ಲೇ ಮಾತಾಡಿದೆ. ಮೈದಾನದ ಗದ್ದಲದಲ್ಲಿ ದನಿ ಎತ್ತಲೇಬೇಕಾಯಿತು.

"ಮಕ್ಕಳನ್ನ ಮುಟ್ಟಬೇಡ ಕಣೋ. ಅಪ್ಪನನ್ನ ಕೊಲ್ಲು, ಮಕ್ಕಳು ತಾವಾಗೇ ಸಾಯ್ತವೆ."

ಅಪ್ಪ ಸಾಯುತ್ತಿಲ್ಲ ಎಂದು ಅವನು ಗೋಳಾಡಿದ.

"ಮೊದಲು ಮೆತ್ತಗೆ ಹೇಳಿ ನೋಡು. ಕೇಳದಿದ್ರೆ ಕುತ್ತಿಗೆ ಹಿಡಿ. ಆದ್ರೆ ಆ ಒಂಬತ್ತನೇ ನಂಬರಿನ ಹೊಡೆತ ಮಾತ್ರ ಕೊಡಬೇಡ, ಇಡೀ ಮನೇನೇ ಕುಸಿದು ಬೀಳುತ್ತೆ. ಆಮೇಲೆ ಆಫೀಸಿನಲ್ಲಿ ಎಲ್ಲರಿಗೂ ಗೊತ್ತಾಗುತ್ತೆ."

ಫೋನು ಕಿವಿಗೆ ಹಿಡಿದೇ ಕಾಯುತ್ತಿದ್ದೆ. ಪಕ್ಕದ ಅಜ್ಜಿ ಕಪ್ಪು ಕನ್ನಡಕ ತೆಗೆದು, ನನ್ನ ಕಡೆ ಬಾಗಿ, ಅಪ್ಪಟ ಧಾರವಾಡದ ಕನ್ನಡದಲ್ಲಿ ಮೆಲ್ಲಗೆ ಕೇಳಿದರು.

"ತಂಗೀ, ಅಪ್ಪ ಸತ್ತನೇನು?"

ನನ್ನ ಕೈಯಿಂದ ಫೋನು ಜಾರಿ ಹುಲ್ಲಿನ ಮೇಲೆ ಬಿತ್ತು. ಅವರು ಮದುವೆಯಾಗಿ ಇಲ್ಲಿಗೆ ಬಂದು ನಲವತ್ತು ವರ್ಷಗಳಾದ ಡಾಕ್ಟರಂತೆ. ಮೊಮ್ಮಗನ ಓಟ ನೋಡಲು ಬಂದಿದ್ದರು. ತೊದಲುತ್ತಾ ನನ್ನ ಕೆಲಸ, ಸರ್ವರ್, ಅಪ್ಪ, ಮಕ್ಕಳು ಎಲ್ಲ ವಿವರಿಸಿದೆ. ಅವರು ನನ್ನ ಕಂಪನಿಯ ಹೆಸರು ಕೇಳಿದರು. ಹೇಳಿದೆ. ಅವರ ಮುಖ ಗಂಭೀರವಾಯಿತು. ಅವರ ಆಸ್ಪತ್ರೆಗೆ ನಮ್ಮಿಂದ ಅವತ್ತು ಬೆಳಿಗ್ಗೆಯೇ ಇನ್ಸುಲಿನ್ ಬರಬೇಕಿತ್ತು, ಬಂದಿರಲಿಲ್ಲ. ಅದನ್ನು ನಂಬಿದ ರೋಗಿಗಳು ಕಾಯುತ್ತಿದ್ದರು.

ಅಷ್ಟರಲ್ಲಿ ಹುಲ್ಲಿನ ಮೇಲಿದ್ದ ಫೋನಿನಿಂದ ಮೈಸೂರಿನವನ ದನಿ ಕೇಳಿಸಿತು. ಅಪ್ಪ ಹೋದ, ಮಕ್ಕಳೂ ಹೋದವು, ಲಾರಿಗಳು ಹೊರಟವು. ಮೈದಾನದಲ್ಲಿ ಮಗಳು ಮೂರನೆಯವಳಾಗಿ ಗೆರೆ ದಾಟುತ್ತಿದ್ದಳು. ನಾನು ಎರಡಕ್ಕೂ ಸೇರಿಸಿ ಕೈ ಮುಗಿದೆ.

ಡಾಕ್ಟರು ತಮ್ಮ ಆಸ್ಪತ್ರೆಗೆ ಫೋನ್ ಮಾಡಿ, ಔಷಧಿ ಇನ್ನೊಂದು ತಾಸಿಗೆ ಬರುತ್ತದೆ ಎಂದು ತಿಳಿಸಿದರು. ಆಮೇಲೆ ಮತ್ತೆ ಕಪ್ಪು ಕನ್ನಡಕ ಏರಿಸಿಕೊಂಡು, ನನ್ನ ಕೈ ಮೇಲೆ ಕೈಯಿಟ್ಟರು.

"ಭಾಳ ಚಲೋ ಮಾಡಿದಿ ತಂಗಿ. ಮುಂದ ಎಂದರ ಔಷಧ ತಡ ಆತಂದ್ರ, ಅಪ್ಪನ್ನ ಕೊಲ್ಲಾಕ ಹಿಂದ ಮುಂದ ನೋಡಬ್ಯಾಡ. ಡೆತ್ ಸರ್ಟಿಫಿಕೇಟ್ ನಾ ಬರಕೊಡ್ತೀನಿ."