ಸೊಳ್ಳೆ ಪರದೆಯ ಲಂಗ

ಆ ಶನಿವಾರ ಬೆಳಿಗ್ಗೆ ಸಾವಿತ್ರವ್ವ ಡಬ್ಬಿಯ ಮುಚ್ಚಳ ತೆಗೆದಳು, ಒಳಗಿದ್ದುದನ್ನು ನೋಡಿದಳು, ಮತ್ತೆ ಮುಚ್ಚಿದಳು. ಸ್ವಲ್ಪ ಹೊತ್ತು ದೇವರ ಫೋಟೋದ ಕಡೆ ನೋಡಿ ಇನ್ನೊಮ್ಮೆ ತೆಗೆದಳು. ಅದು ಬದಲಾಗಿರಲಿಲ್ಲ. ಬಿಳಿ ಬಲೆಯ ಲಂಗ. ಕೆಳಗೆ ಇಳಿಯುವುದನ್ನು ಬಿಟ್ಟು, ಕರಿದ ಹಪ್ಪಳದ ಹಾಗೆ ಸೊಂಟದ ಸುತ್ತ ಅಡ್ಡಕ್ಕೆ ಚಾಚಿ ನಿಂತಿತ್ತು. ಮುಚ್ಚಬೇಕಾದದ್ದನ್ನು ಬಿಟ್ಟು ಸುತ್ತಲಿನ ಗಾಳಿಯನ್ನೆಲ್ಲ ಮುಚ್ಚುತ್ತಿತ್ತು.

ಇದನ್ನು ತೊಟ್ಟು ಮೊಮ್ಮಗಳು ಅಪೇಕ್ಷಾ ಸಂಜೆ ಸ್ಯಾನ್ ಡಿಯಾಗೋದಲ್ಲಿ ಬ್ಯಾಲೆ ಕುಣಿಯಬೇಕಿತ್ತು. ಹತ್ತು ವರ್ಷದ ಹುಡುಗಿ, ಕುಣಿಯಲಿ. ಸಾವಿತ್ರವ್ವ ಬೇಡ ಅನ್ನುವವಳಲ್ಲ. ಆದರೆ ಅಮೆರಿಕದಲ್ಲಿ ನೆಲೆಸಿದ್ದ ಮಗಳು ನಮ್ರತಾ ಕ್ಯಾಲಬಾಸಸ್‌ನ ಗುಡಿಯಲ್ಲಿ ಸಿಗುವ ಪರಿಚಯದವರನ್ನೆಲ್ಲ ಕರೆದಿದ್ದಳು. ಅವರಲ್ಲಿ ಅರ್ಧ ಮಂದಿ ಬಾಗಲಕೋಟೆ, ಗದಗಿನ ಕಡೆಯವರು. ಇಲ್ಲಿ ಪರದೆ ಬೀಳುವುದರೊಳಗೆ ಅಲ್ಲಿ ಬೆಳಗಿನ ಚಹಾದ ಜೊತೆ ಸುದ್ದಿ ಹಂಚಿ ಮುಗಿದಿರುತ್ತದೆ. ಸಾವಿತ್ರವ್ವನ ಮೊಮ್ಮಗಳು ಮೈತುಂಬ ಬಟ್ಟೆ ಇಲ್ಲದೆ ಕುಣಿದಳಂತೆ ಎಂಬ ಮಾತೊಂದು ಹುಟ್ಟಬಾರದು. ಅವಳಿಗೆ ಬೇಕಾಗಿದ್ದು ಅಷ್ಟೇ.

ನಮ್ರತಾ ಚಾಟ್ಸ್‌ವರ್ತ್‌ಗೆ ಕೆಲಸಕ್ಕೆ ಹೋಗಿದ್ದಳು. ಅಪೇಕ್ಷಾ ಇನ್ನೂ ಮಲಗಿದ್ದಳು. ಕೇಳಲು ಸಿಕ್ಕಿದವಳು ಎದುರು ಮನೆಯ ವತ್ಸಲಾ, ಬೆಂಗಳೂರಿನವಳು. ಅವಳ ಮೊಮ್ಮಗಳು ಪ್ರೇರಣಾ ಕೂಡ ಅದೇ ತಂಡದಲ್ಲಿ ಕುಣಿಯುವವಳು. ಸ್ಯಾಂಟಾ ಕ್ಲಾರಿಟಾದ ಆ ಬೀದಿಯಲ್ಲಿ ಯಾವ ವಿಷಯವೂ ವತ್ಸಲಾಳ ಫೋನಿನಲ್ಲಿ ಹಾದು ಬಾರದೆ ನಿಜವಾಗುತ್ತಿರಲಿಲ್ಲ.

ವತ್ಸಲಾ ಕನ್ನಡಕ ಏರಿಸಿ, ಫೋನು ಓದಿ, ಇಡೀ ಪುರಾಣ ಹೇಳಿದಳು. ಇದರ ಹೆಸರು ಟುಟು. ಹತ್ತಿರ ಹತ್ತಿರ ಇನ್ನೂರು ವರ್ಷದ ಹಿಂದೆ ಫ್ರಾನ್ಸ್ ಕಡೆ ಇದು ಮೀನಖಂಡ ದಾಟಿ ಇಳಿಯುತ್ತಿತ್ತು. ಪಾದದ ಕೆಲಸ ಜನಕ್ಕೆ ಕಾಣಲಿ ಎಂದು ಆಮೇಲೆ ಸ್ವಲ್ಪ ಏರಿಸಿದರು, ಮೊಣಕಾಲೂ ಕಾಣಲಿ ಎಂದು ಮತ್ತೆ ಏರಿಸಿದರು. ಏರಿಸುತ್ತ ಏರಿಸುತ್ತ ಸೊಂಟಕ್ಕೆ ಬಂದು ನಿಲ್ಲಿಸಿದರು. ಅಲ್ಲಿಂದ ಮೇಲೆ ಜಾಗವಿರಲಿಲ್ಲ. ರಂಗದ ಮೇಲಿದ್ದದ್ದು ಅಂಗಡಿಗೂ ಇಳಿಯಿತು. ಹುಟ್ಟುಹಬ್ಬದ ಫ್ರಾಕು, ಪಾರ್ಟಿಯ ಗೌನು, ಕಡೆಗೆ ನಮ್ಮ ಮದುಮಕ್ಕಳ ಲೆಹಂಗಾ ಉಬ್ಬಲಿ ಎಂದು ಒಳಗೆ ಹಾಕುವ ಬಲೆ ಕೂಡ ಇದರ ಸಂಬಂಧಿಯೇ.

ಸಾವಿತ್ರವ್ವನಿಗೆ ತಂಗಿಯ ಮೊಮ್ಮಗಳ ಮದುವೆ ನೆನಪಾಯಿತು. ಅಂಥ ಲೆಹಂಗಾ ಕಾರಿನಲ್ಲಿ ಹಿಡಿಸದೆ, ಮದುಮಗಳನ್ನು ಟೆಂಪೋದ ಹಿಂದೆ ಬೀರುವಿನ ಹಾಗೆ ನಿಲ್ಲಿಸಿ ಕಲ್ಯಾಣಮಂಟಪಕ್ಕೆ ಸಾಗಿಸಿದ್ದರು.

“ಅಂದ್ರ ಮೂಲದೊಳಗ ಇದು ಉದ್ದನ ಇತ್ತು?” ಎಂದಳು.

“ಉದ್ದಾನೇ. ಇವರೇ ಕತ್ತರಿಸ್ಕೊಂಡಿದ್ದು.”

“ಹಂಗಾದ್ರ ನಾ ಕೆಡಿಸಿದಂಗಲ್ಲ ಬಿಡ್ರಿ. ಇದ್ದಂಗ ಮಾಡಿದಂಗ.”

ಬಾಗಲಕೋಟೆಯಿಂದ ಬರುವಾಗ ಸಾವಿತ್ರವ್ವ ಒಂದು ಸೊಳ್ಳೆ ಪರದೆ ತಂದಿದ್ದಳು. ಇಲ್ಲಿ ಕಿಟಕಿಗೇ ಜಾಲರಿ ಇದ್ದುದರಿಂದ ಅದು ಮಡಿಕೆ ಬಿಚ್ಚದೆ ಹಾಗೇ ಉಳಿದಿತ್ತು. ಅದನ್ನು ಕತ್ತರಿಸಿ, ನೆರಿಗೆ ಹಿಡಿದು, ಪದರದ ಮೇಲೆ ಪದರವಾಗಿ ಲಂಗದ ಅಂಚಿಗೆ ಕೂಡಿಸಿದಳು. ಇನ್ನೊಂದು ತುದಿಯನ್ನು ವತ್ಸಲಾ ಬಹಳ ಶ್ರದ್ಧೆಯಿಂದ ಹಿಡಿದುಕೊಂಡಿದ್ದಳು.

ಮಧ್ಯಾಹ್ನ ಮನೆಗೆ ಬಂದ ನಮ್ರತಾ ನೋಡಿದವಳೇ ಸೋಫಾದ ಮೇಲೆ ಕೂತಳು. “ಅವ್ವಾ, ಏನ್ ಮಾಡಿ ಇಟ್ಟಿ ಇದು?” ಎಂದು ಮೆಲ್ಲಗೆ ಕೇಳಿದಳು. ಬಿಚ್ಚಲು ನೋಡಿದಳು. ಆದರೆ ಸಾವಿತ್ರವ್ವನ ಕೈ ಕೌದಿ ಹೊಲಿದ ಕೈ. ದಾರ ಎಳೆದರೆ ಲಂಗವೇ ಹರಿಯುವಂತಿತ್ತು. ಅಪೇಕ್ಷಾ ತೊಟ್ಟು ನೋಡಿ, “ಅಜ್ಜಿ, ಐ ಕಾಂಟ್ ಸೀ ಮೈ ಫೀಟ್,” ಎಂದಳು. ಸಾವಿತ್ರವ್ವನ ಮನಸ್ಸಿಗೆ ಸಮಾಧಾನವಾಯಿತು.

ವತ್ಸಲಾ, ಪ್ರೇರಣಾ ಸೇರಿ ಐದು ಜನ ಒಂದೇ ಕಾರಿನಲ್ಲಿ ಹೊರಟರು. ಲಂಗ ಆರನೆಯದಾಗಿ ಹಿಂದಿನ ಸೀಟನ್ನೆಲ್ಲ ತುಂಬಿತು. ಸೆಕೆಯೆಂದು ಕಿಟಕಿ ಇಳಿಸಿದಾಗ ಪರದೆ ಹೊರಗೆ ಹಾರಿ ಬೀಸತೊಡಗಿತು. ಹಿಂದಿನ ಕಾರಿನವರು ಯಾರದೋ ಮದುವೆಯೆಂದು ತಿಳಿದು ಹಾರ್ನ್ ಹೊಡೆದು ಹಾರೈಸಿದರು.

ಸ್ಯಾನ್ ಡಿಯಾಗೋದ ರಂಗಮಂದಿರದ ಹಿಂದಿನ ಕೋಣೆಯಲ್ಲಿ ಟೀಚರು ಆ ಲಂಗವನ್ನು ಎತ್ತಿ ನೋಡಿ, ಮೆಲ್ಲಗೆ ಬಿಟ್ಟರು. ಬಯ್ಯಲಿಲ್ಲ. ಗಿಡ್ಡ ಟುಟು ಇನ್ನೊಂದಿತ್ತು, ಅದನ್ನು ಅಪೇಕ್ಷಾಳಿಗೆ ಹಾಕಿಸಿದರು. ಬೆನ್ನಿನ ಹುಕ್ಕುಗಳು ಒಂದಕ್ಕೊಂದು ಮುಖ ನೋಡಿಕೊಂಡವೇ ಹೊರತು ಸೇರಲಿಲ್ಲ. ಅದು ಸಾವಿತ್ರವ್ವ ದಿನಾ ತಟ್ಟೆಗೆ ಸುರಿದ ತುಪ್ಪದ ಕೆಲಸ. ತೆಳ್ಳಗಿದ್ದ ಪ್ರೇರಣಾಳಿಗೆ ಅದು ಅಳತೆ ತೆಗೆದಂತೆ ಕೂತಿತು. ಇಬ್ಬರಿಗೂ ಇಬ್ಬರ ನಾಟ್ಯವೂ ಬರುತ್ತಿತ್ತು. ಟೀಚರು ಪಾತ್ರಗಳನ್ನೇ ಅದಲುಬದಲು ಮಾಡಿದರು. ಪ್ರೇರಣಾಳಿಗಿದ್ದ ಉದ್ದ ಲಂಗದ ಪಾತ್ರ ಅಪೇಕ್ಷಾಳಿಗೆ, ಅಪೇಕ್ಷಾಳ ಗಿಡ್ಡದ್ದು ಪ್ರೇರಣಾಳಿಗೆ.

ಸಾವಿತ್ರವ್ವ ಸೆರಗು ಹೊದ್ದು, ತಲೆಯೆತ್ತಿ, ಮುಂದಿನ ಸಾಲಿನಲ್ಲಿ ಕೂತಳು. ಒಂದು ಕಡೆ ವತ್ಸಲಾ, ಇನ್ನೊಂದು ಕಡೆ ಗದಗಿನ ಪಂಕಜಾ. ಪಂಕಜಾ ಆಗಲೇ ಫೋನು ಎತ್ತಿ ಹಿಡಿದು ಊರಿನವರಿಗೆಲ್ಲ ನೇರವಾಗಿ ತೋರಿಸುತ್ತಿದ್ದಳು. ತೋರಿಸಲಿ ಎಂದುಕೊಂಡಳು ಸಾವಿತ್ರವ್ವ.

ಪರದೆ ಸರಿಯಿತು. ನೀಲಿ ಬೆಳಕು, ಹೊಗೆ. ಕಲ್ಲಿನಂಥದೊಂದರ ಹಿಂದಿನಿಂದ ಅಪೇಕ್ಷಾ ಮೇಲೆದ್ದಳು. ಮುಖಕ್ಕೆಲ್ಲ ಬಿಳಿ ಪುಡಿ. ಕಣ್ಣು ಅರ್ಧ ಮುಚ್ಚಿತ್ತು. ಸೊಳ್ಳೆ ಪರದೆ ನೆಲ ಸವರುತ್ತ ತೇಲಿ ಬಂತು.

“ಯಾಕ ಹಿಂಗ ಬಿಳಿಚಿಕೊಂಡಾಳ ಕೂಸು?” ಎಂದಳು ಸಾವಿತ್ರವ್ವ.

“ದೆವ್ವ ಅಲ್ವಾ,” ಎಂದಳು ವತ್ಸಲಾ ಶಾಂತವಾಗಿ. “ಮದುವೆಗೆ ಮುಂಚೆ ಸತ್ತುಹೋದ ಹುಡುಗಿ. ಗೋರಿಯಿಂದ ಎದ್ದು ಕಾಡಲ್ಲಿ ಕುಣೀತಾಳೆ. ಆ ಕಾಲದಲ್ಲಿ ಉದ್ದದ್ದು ಹಾಕ್ತಿದ್ದೋರೇ ಇಂಥೋರು.”

ಸಾವಿತ್ರವ್ವ ಅವಳ ಕಡೆ ತಿರುಗಿದಳು. “ಮತ್ತ ಆ ಗಿಡ್ಡಂದು?”

“ಅದು ರಾಜಕುಮಾರಿ. ಕೊನೇಲಿ ಅವಳಿಗೆ ಮದುವೆ ಆಗುತ್ತೆ.” ವತ್ಸಲಾ ಶಾಲು ಸರಿಮಾಡಿಕೊಂಡಳು. “ನಮ್ಮ ಮಗು ದೆವ್ವ ಆಗೋದು ನನಗೂ ಒಂಥರಾ ಕಸಿವಿಸಿ ಇತ್ತು ನೋಡಿ. ದೇವರು ದೊಡ್ಡವನು.”

ಸಾವಿತ್ರವ್ವ ಎದ್ದು ನಿಂತಳು. ಗಾಳಿಯಲ್ಲೇ ಎರಡೂ ಕೈಯಿಂದ ನಿವಾಳಿಸಿ, ಕಿವಿಯ ಪಕ್ಕ ನೆಟಿಗೆ ಮುರಿದಳು. ಹಿಂದೆ ಕೂತವರು ಇದು ಇಂಡಿಯಾದಲ್ಲಿ ಮೆಚ್ಚುಗೆ ತೋರಿಸುವ ಕ್ರಮವೆಂದು ತಿಳಿದು, ಗೌರವದಿಂದ ಎದ್ದು ತಾವೂ ಹಾಗೆಯೇ ಮಾಡಿದರು. ಅಪೇಕ್ಷಾ ಚೆನ್ನಾಗಿ ಕುಣಿದಳು. ಕುಣಿದು, ತೂರಾಡಿ, ಕಲ್ಲಿನ ಹಿಂದೆ ಮತ್ತೆ ಮಲಗಿದಳು.

ಪಂಕಜಾ ಫೋನನ್ನು ಸಾವಿತ್ರವ್ವನ ಕೈಗಿತ್ತಳು. ಬಾಗಲಕೋಟೆಯಿಂದ ತಂಗಿ.

“ಅಕ್ಕಾ, ಎಲ್ಲಾರೂ ನೋಡಿದ್ವಿ,” ಎಂದಳು ತಂಗಿ. “ಲಂಗ ಭಾಳ ಚಲೋ ಐತಿ, ಮೈತುಂಬ ಐತಿ. ಆದ್ರ ಹುಡುಗಿ ಯಾವಾಗ ತೀರಿಕೊಂಡ್ಳು?”