ಹದಿನೇಳು ಕೊಲೆಗಾರರನ್ನು ಹಿಡಿದ ಅತ್ತೆ

ನಮ್ಮ ಸೋದರತ್ತೆ ಈವರೆಗೆ ಹದಿನೇಳು ಕೊಲೆಗಾರರನ್ನು ಹಿಡಿದಿದ್ದಾಳೆ. ತಾನೂ ಸುಮಾರು ಮುನ್ನೂರು ಜನರಿಗೆ ಗುಂಡಿಕ್ಕಿದ್ದಾಳೆ. ಎಷ್ಟು ಮನೆಗಳ ಬೀಗ ತೆಗೆದು ಒಳಹೊಕ್ಕಿದ್ದಾಳೆಂಬುದು ಆಕೆಗೇ ನೆನಪಿಲ್ಲ. ಇಷ್ಟೆಲ್ಲ ಮಾಡಿಯೂ ಹಾಡಹಗಲೇ ಬೈಲಹೊಂಗಲದ ಪೇಟೆಯಲ್ಲಿ ಕೈಚೀಲ ಹಿಡಿದು ಬದನೆಕಾಯಿ ಆರಿಸುತ್ತ ನಿಲ್ಲುತ್ತಾಳೆ. ಯಾರೂ ಹಿಡಿಯುವುದಿಲ್ಲ. ಬದನೆಕಾಯಿ ಮಾರುವವಳಂತೂ, "ಬರ್ರಿ ಬಾಯಾರ, ಹುಳಕ ಇಲ್ಲದ್ದು ನಿಮಗಂತನ ತಗದ ಇಟ್ಟೇನಿ" ಎಂದು ಕರೆದು ಕೂರಿಸುತ್ತಾಳೆ!

ಗಾಬರಿಯಾಗಬೇಡಿ. ಇವೆಲ್ಲ ಲ್ಯಾಪ್‌ಟಾಪಿನೊಳಗೆ ನಡೆದ ಅಪರಾಧಗಳು. ಅತ್ತೆ ತಾಲ್ಲೂಕು ಕೋರ್ಟಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬೆರಳಚ್ಚುಗಾರ್ತಿಯಾಗಿದ್ದವಳು. ಕಳ್ಳರು, ಸಾಕ್ಷಿಗಳು, ವಕೀಲರು ಎಲ್ಲರ ಮಾತೂ ಆಕೆಯ ಹತ್ತು ಬೆರಳುಗಳ ಮೂಲಕವೇ ಕಾಗದಕ್ಕೆ ಇಳಿದದ್ದು. ಮದುವೆಯಾಗಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದ್ದೆ. "ನೋಡಾಕ ಬಂದಾವ ಹೇಳಿದ್ದಕ್ಕೂ ಅವರವ್ವ ಹೇಳಿದ್ದಕ್ಕೂ ತಾಳ ಕೂಡಲಿಲ್ಲ. ಸಾಕ್ಷಿ ಬಿದ್ದುಹೋತು" ಅಂದಳು. ನಿವೃತ್ತಿಯ ಮರುವಾರವೇ ಬೆಳಗಾವಿಗೆ ಹೋಗಿ ಲ್ಯಾಪ್‌ಟಾಪ್ ತಂದಳು. ಶರಣರ ವಚನ ಕೇಳುತ್ತಾಳೆಂದು ನಾವೆಲ್ಲ ತಿಳಿದಿದ್ದೆವು. ಎಂಟು ದಿನಕ್ಕೆ ಮೊದಲ ಕೊಲೆಗಾರನನ್ನು ಹಿಡಿದಳು!

ಆಡುವುದಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ಅತ್ತೆಗೆ ಪ್ರತಿಯೊಂದು ಆಟದ ಬಗ್ಗೆಯೂ ಅಭಿಪ್ರಾಯವಿದೆ. ಆ ಅಭಿಪ್ರಾಯಗಳನ್ನು ಕೇಳಲು ಮನೆಯಲ್ಲಿ ನಾನೊಬ್ಬಳೇ ಇದ್ದೇನೆ. ಕಾಲೇಜಿನಲ್ಲಿ ನಾಲ್ಕು ಪಾಠ ಮಾಡಿ ಬಂದು ಚಪ್ಪಲಿ ಬಿಡುವುದರೊಳಗೆ ಐದನೆಯ ಪಾಠ ನನಗೇ ಶುರುವಾಗುತ್ತದೆ.

ಒಂದೇ ಬಣ್ಣದ ಮೂರು ಮಿಠಾಯಿಗಳನ್ನು ಸಾಲಾಗಿ ಜೋಡಿಸುವ ಆಟಗಳಿವೆಯಲ್ಲ, ಅವು ಆಕೆಯ ಪ್ರಕಾರ ಆಟಗಳೇ ಅಲ್ಲ. "ಅದು ಅಕ್ಕಿ ಹಸನ ಮಾಡೂದು. ಅಕ್ಕಿ ಹಸನ ಮಾಡಿದ್ರ ಕಡೀಕ ಅನ್ನಾ ಆದ್ರೂ ಆಗತೈತಿ!" ದಾರಿ ತಿಳಿಯದಿದ್ದಾಗ ಒತ್ತಲು ಇರುವ 'ಸುಳಿವು' ಗುಂಡಿಯನ್ನು ಆಕೆ ಈವರೆಗೆ ಮುಟ್ಟಿಲ್ಲ. ಜಾಹೀರಾತು ನೋಡಿದರೆ ಸುಳಿವು ಕೊಡುತ್ತಾರಂತೆ. "ಅದಕ್ಕ ನಮ್ಮ ಕಡೆ ಬ್ಯಾರೆ ಹೆಸರೈತಿ. ಲಂಚ."

ಬೀಗ ತೆಗೆಯುವ ಒಗಟಿನ ಆಟಗಳನ್ನು ಮಾತ್ರ ಬಹಳ ಪ್ರೀತಿಯಿಂದ ಆಡುತ್ತಾಳೆ, ಬಹಳ ಸಿಟ್ಟಿನಿಂದಲೂ ಆಡುತ್ತಾಳೆ. ಒಂದು ಸಂಜೆ ನಾನು ಒಳಗೆ ಬಂದಾಗ ಪರದೆಯ ಮೇಲೆ ಯಾವುದೋ ವಿಲಾಯತಿ ಬಂಗಲೆ ಇತ್ತು. ಅಡುಗೆಮನೆಯ ಬೀಗದ ಕೈ ಪಿಯಾನೋದ ಹೊಟ್ಟೆಯಲ್ಲಿ. ಪಿಯಾನೋ ತೆರೆಯಬೇಕಾದರೆ ಗಡಿಯಾರದ ಮುಳ್ಳು ಬೇಕು. ಮುಳ್ಳು ಸಿಗಬೇಕಾದರೆ ಮೀನಿನ ತೊಟ್ಟಿ ಖಾಲಿ ಮಾಡಬೇಕು.

"ಈ ಮನ್ಯಾಗಿನ ಹೆಣ್ಣಮಗಳು ಹೆಂಗ ಬಾಳೇವು ಮಾಡಿರಬೇಕ ಹೇಳು?" ಅತ್ತೆ ಕೇಳಿದಳು. "ಮುಂಜಾನೆದ್ದು ಚಾ ಮಾಡಬೇಕಂದ್ರ ಮೊದಲ ಮೀನ ಹೊರಗ ತಗೀಬೇಕು! ಈ ಮನ್ಯಾಗ ಕೊಲಿ ಆಗದ ಇನ್ನೇನ ಆದೀತು?"

ಈ ಆಟಗಳ ಪರಿಣಾಮ ಹೊರಗಿನ ಲೋಕದ ಮೇಲೂ ಆಗತೊಡಗಿತು. ಚಚಡಿಯಲ್ಲಿ ನಮ್ಮ ಬೀಗರ ಮನೆಯಿದೆ. ಹಳೆಯ ಕಾಲದ್ದು, ಮೊಳಗಟ್ಟಲೆ ದಪ್ಪದ ಗೋಡೆಗಳು. ಸೀಮಂತಕ್ಕೆಂದು ಹೋಗಿದ್ದೆವು. ಹೆಂಗಸರೆಲ್ಲ ಬಳೆ ನೋಡುತ್ತಿದ್ದರೆ ಅತ್ತೆ ಪಡಸಾಲೆಯಲ್ಲಿ ಹೆಜ್ಜೆ ಎಣಿಸುತ್ತಿದ್ದಳು. ಒಳಗೆ ಹದಿನಾಲ್ಕು ಹೆಜ್ಜೆ, ಹೊರಗೆ ಇಪ್ಪತ್ತು. ಹಾಗಾದರೆ ಆರು ಹೆಜ್ಜೆ ಎಲ್ಲಿ ಹೋಯಿತು? ನನ್ನನ್ನು ಮೂಲೆಗೆ ಕರೆದು ಪಿಸುಗುಟ್ಟಿದಳು: "ಗ್ವಾಡಿ ಹಿಂದ ಒಂದು ಗುಪ್ತ ಖೋಲಿ ಐತಿ."

ಗೋಡೆಯ ಮಾಡದಲ್ಲಿದ್ದ ದೀಪ ಸರಿಸಿ, ಅಲ್ಲಿಗೆ ಕಿವಿ ಹಚ್ಚಿ ಮೂರು ಸಲ ಬಡಿದಳು. ಆ ಕಡೆಯಿಂದಲೂ ಮೂರು ಸಲ ಬಡಿದ ಸದ್ದು ಬಂತು! ಅತ್ತೆಯ ಮುಖದ ಮೇಲೆ ಅಂಥ ಬೆಳಕನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಮತ್ತೆ ಎರಡು ಸಲ ಬಡಿದಳು. ಆಗ ಗೋಡೆಯೊಳಗಿಂದ ಬೀಗಿತ್ತಿಯ ಧ್ವನಿ ಕೇಳಿಸಿತು:

"ಯಾರಬೇ ಅದು? ತಡೀರಿ ಒಂದ ಸ್ವಲ್ಪ! ಇನ್ನೂ ಮೈಮ್ಯಾಲೆ ನೀರ ಹಾಕ್ಕೊಳ್ಳಾಕತ್ತೇನಿ!"

ಆರು ಹೆಜ್ಜೆಯ ಬಚ್ಚಲುಮನೆ. ಬಾಗಿಲು ಹಿತ್ತಲ ಕಡೆಗಿತ್ತು.

ಪತ್ತೇದಾರಿ ಆಟಗಳ ವಿಷಯಕ್ಕೆ ಬಂದರೆ ಅತ್ತೆ ಆಟಗಾರ್ತಿಯಲ್ಲ, ಮೇಲಧಿಕಾರಿ. ಹೆಣ ಬಿದ್ದಿರುವ ಕೋಣೆಯೊಳಗೆ ಪತ್ತೇದಾರ ಬೂಟುಗಾಲಲ್ಲಿ ನಡೆದು ಬಂದರೆ ಆಕೆಗೆ ತಡೆಯಲಾಗುವುದಿಲ್ಲ. "ಪಂಚನಾಮೆ ಆಗಿಲ್ಲ, ಪಂಚರು ಬಂದಿಲ್ಲ, ಈ ಮಬ್ಬ ಎಲ್ಲಾ ಕೈಲೆ ಮುಟ್ಟಾಕತ್ತಾನಲ್ಲ!" ಮನೆಯಲ್ಲಿದ್ದ ಆರು ಜನರನ್ನೂ ವಿಚಾರಿಸುವ ಆತ ಅಡುಗೆಯವಳನ್ನು ಮಾತ್ರ ಮಾತನಾಡಿಸುವುದೇ ಇಲ್ಲವೆಂಬುದು ಇನ್ನೊಂದು ದೂರು. "ಯಾರು ಉಂಡರು, ಯಾರು ತಾಟ ಬಿಟ್ಟೆದ್ದರು ಅಂತ ಆಕಿಗೆ ಗೊತ್ತಿರತೈತಿ. ಆಕೀನ್ನ ಕೇಳಿದ್ರ ಆಟ ಹತ್ತು ಮಿನಿಟಿಗೆ ಮುಗೀತಿತ್ತು!"

ಕೊಲೆಗಾರನನ್ನು ಹಿಡಿಯಲು ಆಕೆಯದು ಒಂದೇ ಸೂತ್ರ. ಕರಾರುವಾಕ್ಕಾಗಿ ವೇಳೆ ಹೇಳಿದವನೇ ಸುಳ್ಳ. "ಒಂಬತ್ತು ಗಂಟೆ ಹತ್ತು ಮಿನಿಟಿಗೆ ನಾ ತ್ವಾಟದಾಗಿದ್ದೆ ಅಂತಾನ. ನಿನ್ನಿ ಎಷ್ಟೊತ್ತಿಗೆ ಉಂಡೆ ಅಂತ ನನಗ ನೆನಪಿಲ್ಲ, ಇವಗ ಹೆಂಗ ಮಿನಿಟ ನೆನಪಿರತೈತಿ?" ಹೀಗೆ ಇಪ್ಪತ್ತು ನಿಮಿಷದಲ್ಲಿ ಅಪರಾಧಿ ಯಾರೆಂದು ಆಕೆಗೆ ಗೊತ್ತಾಗಿಬಿಡುತ್ತದೆ. ಆದರೆ ಆಟ ಒಪ್ಪಬೇಕಲ್ಲ! ಎಲ್ಲ ಪುರಾವೆ ಸಿಗುವವರೆಗೆ ಅದು ಮುಂದೆ ಹೋಗುವುದಿಲ್ಲ. ಹಾಗಾಗಿ ತನಗೆ ಗೊತ್ತಿರುವುದನ್ನೇ ರುಜುವಾತು ಮಾಡಲು ಮೂರು ದಿನ ಕರವಸ್ತ್ರ, ಗುಂಡಿ, ಸಿಗರೇಟಿನ ತುಂಡು ಆಯುತ್ತ ಅಲೆಯುತ್ತಾಳೆ. "ಇದೊಂದು ಮಾತ್ರ ಥೇಟ್ ಕೋರ್ಟಿನ ಹಂಗ ಐತಿ ನೋಡು" ಎಂದು ನಿಟ್ಟುಸಿರು ಬಿಡುತ್ತಾಳೆ.

ಒಮ್ಮೆ ಮಾತ್ರ ತಪ್ಪಿದಳು. ಡಾಕ್ಟರನೇ ಕೊಲೆಗಾರ ಎಂದು ಆಕೆಯ ತೀರ್ಮಾನ, ತೋಟಗಾರ ಎಂದು ಆಟದ ತೀರ್ಮಾನ. ಅತ್ತೆ ಸೋಲೊಪ್ಪಲಿಲ್ಲ. ಆಟ ತಯಾರಿಸಿದವರಿಗೆ ನಾಲ್ಕು ಪುಟದ ಮೇಲ್ಮನವಿ ಟೈಪು ಮಾಡಿ ಕಳಿಸಿದಳು. 'ತಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು' ಎಂದು ಯಂತ್ರದ ಉತ್ತರ ಬಂತು. "ನೋಡಿದ್ಯಾ? ಅಲ್ಲಗಳೆದಿಲ್ಲ!" ಅಂದಳು. ಆವತ್ತಿನಿಂದ ತೋಟಗಾರ ನಿರಪರಾಧಿ.

ಹತ್ತಾರು ಜನ ಕೂಡಿ ಆಡುವ, ಢಂ ಢಂ ಎಂದು ಗುಂಡು ಹಾರಿಸುವ ಆಟಕ್ಕೆ ಅತ್ತೆ ಕಾಲಿಟ್ಟದ್ದು ಆಮೇಲೆ. ಅಲ್ಲಿ ಆಟಗಾರರು ಒಬ್ಬರಿಗೊಬ್ಬರು ಬರೆದು ಮಾತನಾಡಬಹುದು. ಬೇರೆಯವರು ಎರಡಕ್ಷರದಲ್ಲಿ ಕೆಲಸ ಮುಗಿಸುತ್ತಾರೆ. ಅತ್ತೆ ಬರೆಯುವುದು ಹೀಗೆ: 'ಸದರಿ ಶತ್ರುವು ದಕ್ಷಿಣ ದಿಕ್ಕಿಗೆ ಇರುವ ಹಳದಿ ಬಣ್ಣದ ಕಟ್ಟಡದ ಮೊದಲನೇ ಮಹಡಿಯಲ್ಲಿ ಅಡಗಿ ಕುಳಿತಿರುವುದು ನಿಜವಿರುತ್ತದೆ.' ಆಕೆಗೆ ಟೈಪು ಮಾಡಲು ಹದಿನೈದು ಸೆಕೆಂಡು ಸಾಕು. ಜೊತೆಗಾರರು ಸತ್ತದ್ದು ಅದನ್ನು ಓದುತ್ತ ನಿಂತಿದ್ದರಿಂದ!

ಬೆನ್ನಿಗೆ ಗುಂಡು ಹಾಕುವುದಿಲ್ಲ. ಎದುರಾಳಿ ಈ ಕಡೆ ತಿರುಗುವವರೆಗೆ ಕಾಯುತ್ತಾಳೆ. ಹಾಗೆ ಕಾಯುತ್ತಲೇ ಎಷ್ಟೋ ಸಲ ತಾನೇ ಸತ್ತಿದ್ದಾಳೆ. ಆಟಕ್ಕೆ ಮೊದಲು ಎಲ್ಲರಿಗೂ 'ತಾವು ಯಾವ ಊರಿನವರು?' ಎಂದು ಕನ್ನಡದಲ್ಲೇ ಕೇಳುತ್ತಾಳೆ. ತಿಂಗಳುಗಟ್ಟಲೆ ಪ್ರಶ್ನಾರ್ಥಕ ಚಿಹ್ನೆಗಳಷ್ಟೇ ಉತ್ತರವಾಗಿ ಬಂದವು. ಒಂದು ದಿನ ಉತ್ತರ ಬಂತು: 'ಎಂ.ಕೆ. ಹುಬ್ಬಳ್ಳಿ ಬಾಜೂಕರಿ. ನೀವು?'

ಆತ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಡ್ರೈವರ್. ಇಬ್ಬರು ಮಕ್ಕಳ ತಂದೆ. ಕಬ್ಬಿನ ಗಾಡಿಗಳ ಸಾಲು ಮುಂದೆ ಸರಿಯುವವರೆಗೆ ಸೀಟಿನ ಮೇಲೆ ಕುಳಿತು ಮೊಬೈಲಿನಲ್ಲಿ ಆಡುತ್ತಾನೆ. ಅತ್ತೆಗೆ 'ಮೇಡಂ' ಅನ್ನುತ್ತಾನೆ. ಇಬ್ಬರೂ ಸೇರಿ ಎಷ್ಟೋ ಯುದ್ಧ ಗೆದ್ದರು. ನಡುವೆ 'ಒಂದ್ ನಿಮಿಷ ಮೇಡಂ, ಗಾಡಿ ಮುಂದ ಹೋತು' ಎಂದು ಆತ ಮಾಯವಾಗುತ್ತಿದ್ದ. ಅತ್ತೆ ಒಬ್ಬಳೇ ಆತನ ಪಾಲಿನ ಗುಂಡನ್ನೂ ತಿನ್ನುತ್ತಿದ್ದಳು.

ಈಗ ನಮ್ಮ ಸಣ್ಣತ್ತೆಯ ವಿಷಯ ಹೇಳಬೇಕು. ಅತ್ತೆಯ ಒಬ್ಬಳೇ ತಂಗಿ. ರಾಮದುರ್ಗದಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಐದಾರು ವರ್ಷದ ಹಿಂದೆ ಒಂದು ಜ್ವರ ಬಂದು ಹೋಗುವಾಗ ಆಕೆಯ ಕಿವಿಯನ್ನೂ ತೆಗೆದುಕೊಂಡು ಹೋಯಿತು. ಯಂತ್ರ ಹಾಕಿ ನೋಡಿದರು. "ಕಿವ್ಯಾಗ ಹಿಟ್ಟಿನ ಗಿರಣಿ ಇಟ್ಟಂಗ ಆಗತೈತಿ" ಎಂದು ತೆಗೆದಿಟ್ಟಳು. ತನ್ನ ಮಾತು ತನಗೇ ಕೇಳಿಸದ್ದರಿಂದ ಧ್ವನಿ ಏರುತ್ತ ಹೋಯಿತು. ಒಂದು ಮದುವೆಯಲ್ಲಿ ಎಲ್ಲರೂ ಸುಮ್ಮನಿದ್ದ ಹೊತ್ತಿನಲ್ಲಿ, ಗುಟ್ಟಿನಲ್ಲಿ ಹೇಳುತ್ತಿದ್ದೇನೆಂದುಕೊಂಡು ಮದುಮಗನ ಮೂಗಿನ ಬಗ್ಗೆ ಏನೋ ಅಂದಳು. ಮಂಟಪಕ್ಕೆ ಮಂಟಪವೇ ನಕ್ಕಿತು. ನಾನೂ ನಕ್ಕೆ. ಆವತ್ತಿನಿಂದ ಸಣ್ಣತ್ತೆ ಬಾಯಿ ತೆರೆದದ್ದನ್ನು ಯಾರೂ ಕಾಣಲಿಲ್ಲ. ತಲೆ ಆಡಿಸುತ್ತಾಳೆ, ಅಷ್ಟೆ.

ಅತ್ತೆ ಆಕೆಗೊಂದು ಟ್ಯಾಬ್ ಕೊಂಡೊಯ್ದು, ಒಂದು ಆಟ ಹಾಕಿಕೊಟ್ಟು ಬಂದಳು. ಮುಳುಗುತ್ತಿರುವ ಹಡಗಿನ ಬೇರೆ ಬೇರೆ ಕೋಣೆಗಳಲ್ಲಿ ಆಟಗಾರರು ಸಿಕ್ಕಿಬಿದ್ದಿರುತ್ತಾರೆ. ಒಬ್ಬಳಿಗೆ ಕಾಣುವುದು ಇನ್ನೊಬ್ಬಳಿಗೆ ಕಾಣದು. ಕಂಡದ್ದನ್ನು ಪರಸ್ಪರ ಬರೆದು ತಿಳಿಸಿ, ಚಕ್ರ ತಿರುಗಿಸಿ, ನೀರು ಮೇಲೇರುವುದರೊಳಗೆ ಪಾರಾಗಬೇಕು. ದಿನಾ ಸಂಜೆ ನಾಲ್ಕಕ್ಕೆ ಅಕ್ಕತಂಗಿಯರು ಹಡಗು ಹತ್ತತೊಡಗಿದರು. ಅವರು ಬರೆದದ್ದನ್ನು ಒಮ್ಮೆ ಓದಿದೆ.

'ನಿನ್ನ ಖೋಲ್ಯಾಗ ಎಷ್ಟು ಚಕ್ರ ಅದಾವ?'

'ಮೂರು. ಹುಣಸಿ ತೊಕ್ಕು ಹಾಕಿದ್ಯಾ?'

'ಹಾಕೇನಿ. ಕೆಂಪು ಚಕ್ರ ತಿರುವು. ನೀರು ಮೊಣಕಾಲಿಗೆ ಬಂತು.'

'ಬೆಲ್ಲ ಎಷ್ಟು ಹಾಕಿದಿ?'

ಬೆಲ್ಲದ ಅಳತೆ ತೀರ್ಮಾನವಾಗುವುದರೊಳಗೆ ಇಬ್ಬರೂ ಮುಳುಗಿದ್ದರು.

ಹೀಗೆ ದಿನಕ್ಕೆರಡು ಸಲ ಮುಳುಗುತ್ತ ಚೆನ್ನಾಗಿಯೇ ಇದ್ದರು. ಒಂದು ಸಂಜೆ ಅತ್ತೆ ಡ್ರೈವರನನ್ನೂ ಆ ಹಡಗಿಗೆ ಕರೆದಳು. ಮೂರು ಸಲ ಮುಳುಗಿದ ಮೇಲೆ ಆತ ಎಲ್ಲರಿಗೂ ಕಾಣುವಂತೆ ಬರೆದುಬಿಟ್ಟ: 'ಮೇಡಂ, ಈ ಪಾರ್ಟ್ನರ್ ಬಾಳ ಸ್ಲೋ ಅದಾರ. ಬ್ಯಾರೆಯವರನ್ನ ತಗೊಳ್ರಿ.'

ಸಣ್ಣತ್ತೆಯ ಹೆಸರಿನ ಮುಂದಿನ ಹಸಿರು ದೀಪ ಆರಿಹೋಯಿತು. ಮರುದಿನವೂ ಹೊತ್ತಲಿಲ್ಲ. ಅದರ ಮರುದಿನವೂ ಇಲ್ಲ.

ಅತ್ತೆ ಡ್ರೈವರನಿಗೆ ಕಾರಣ ಕೇಳಿ ನೋಟಿಸು ಕಳಿಸಿದಳು. ಪಾಪ, ಆತ ಹೌಹಾರಿದ. 'ತಪ್ಪಾತ್ರಿ ಮೇಡಂ. ನಿಮ್ಮ ತಂಗ್ಯಾರು ಅಂತ ಗೊತ್ತಿರಲಿಲ್ರಿ. ನಮ್ಮವ್ವಗೂ ಕಿವಿ ಕೇಳಂಗಿಲ್ರಿ' ಎಂದು ಬರೆದ. ಅತ್ತೆ ಅದನ್ನು ಎರಡು ಸಲ ಓದಿ, ಕ್ಷಮಾಪಣೆ ಮಂಜೂರು ಮಾಡಿದಳು. ಆದರೆ ಆಕೆ ಮಾಡಿದ ಚಹಾದಲ್ಲಿ ಉಪ್ಪಿತ್ತು. ವಾರವಿಡೀ ಒಬ್ಬ ಕೊಲೆಗಾರನೂ ಸಿಕ್ಕಿಬೀಳಲಿಲ್ಲ. ರಾಮದುರ್ಗಕ್ಕೆ ಫೋನು ಮಾಡಿದರೆ ಸಣ್ಣತ್ತೆಯ ಸೊಸೆ, "ಆರಾಮ ಅದಾರ್ರಿ, ಎಂಟೂವರಿಗೆ ಉಂಡು ಒಂಬತ್ತಕ್ಕ ಮಲಗತಾರ್ರಿ" ಅಂದಳು.

ಅತ್ತೆ ಫೋನು ಕೆಳಗಿಟ್ಟಳು. "ವ್ಯಾಳ್ಯಾ ಹೇಳಿದ್ಲು. ನಡಿ, ಹೋಗೂಣು."

ಭಾನುವಾರ ಬಸ್ಸು ಹತ್ತಿದೆವು. ಅತ್ತೆಯ ಒಂದು ಕೈಯಲ್ಲಿ ಲ್ಯಾಪ್‌ಟಾಪು, ಇನ್ನೊಂದು ಕೈಯಲ್ಲಿ ತೊಕ್ಕಿನ ಭರಣಿ. ದಾರಿಯುದ್ದಕ್ಕೂ ಯಾವ ಆಟದ ಬಗ್ಗೆಯೂ ಅಭಿಪ್ರಾಯ ಹೇಳಲಿಲ್ಲ. ನನಗೆ ಸ್ವಲ್ಪ ಭಯವೇ ಆಯಿತು.

ಸಣ್ಣತ್ತೆ ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ನಮ್ಮನ್ನು ಕಂಡು ತಲೆ ಆಡಿಸಿದಳು. ಅತ್ತೆ ಪಕ್ಕದಲ್ಲಿ ಕುಳಿತು ಲ್ಯಾಪ್‌ಟಾಪು ತೆರೆದು ಟೈಪು ಮಾಡಿ ತಂಗಿಯ ಕಡೆ ತಿರುಗಿಸಿದಳು: 'ನೀ ಇಲ್ಲದ ಎಂಟು ದಿನದಾಗ ನಾ ಒಬ್ಬಾಕಿನ ಹನ್ನೊಂದು ಸಲ ಮುಳುಗೇನಿ.'

ಸಣ್ಣತ್ತೆ ಅದನ್ನು ಓದಿ, ದಿಂಬಿನ ಕೆಳಗೆ ಕೈ ಹಾಕಿ ಟ್ಯಾಬ್ ಹೊರಗೆ ತೆಗೆದಳು.

ಒಂದೇ ಮಂಚದ ಮೇಲೆ ಭುಜಕ್ಕೆ ಭುಜ ತಾಗಿಸಿ ಕುಳಿತ ಇಬ್ಬರೂ ಹಡಗು ಹತ್ತಿದರು. ನಾನು ಅತ್ತೆಯ ಹಿಂದೆ ನಿಂತಿದ್ದೆ. ನೀರು ಏರುತ್ತಿತ್ತು. ಅತ್ತೆಯ ಪರದೆಯ ಮೇಲೆ ಚಕ್ರದ ಪಕ್ಕದಲ್ಲೇ ಎಡಕ್ಕೆ ತೋರಿಸುವ ಬಾಣದ ಗುರುತು ನನಗೇ ಕಾಣುತ್ತಿತ್ತು. ಅಷ್ಟೆಲ್ಲ ಕೊಲೆಗಾರರನ್ನು ಹಿಡಿದವಳಿಗೆ ಕಾಣುವುದಿಲ್ಲವೇ? ಆಕೆ ಬರೆದಳು: 'ನನಗೇನೂ ಕಾಣವಲ್ದು. ನೀನ ಹುಡುಕು.'

"ಅತ್ತಿ, ಅಲ್ಲೇ ಐತೆಲ್ಲ..." ಎಂದು ನಾನು ಬಾಯಿ ತೆರೆದೆ. ಅತ್ತೆ ನನ್ನ ಕಾಲು ತುಳಿದಳು. ಜೋರಾಗಿಯೇ ತುಳಿದಳು.

ಸಣ್ಣತ್ತೆ ತನ್ನ ಕೋಣೆಯ ಗೋಡೆ, ನೆಲ, ಛಾವಣಿ ಎಲ್ಲ ಹುಡುಕಿದಳು. ನೀರು ಎದೆಗೆ ಬಂತು, ಕುತ್ತಿಗೆಗೆ ಬಂತು. ಕಡೆಗೆ ಛಾವಣಿಯ ಮೂಲೆಯಲ್ಲಿ ಅಂಥದೇ ಬಾಣ ಆಕೆಗೂ ಕಂಡಿತು, ಆದರೆ ಟೈಪು ಮಾಡಲು ಹೊತ್ತೇ ಉಳಿದಿರಲಿಲ್ಲ. ಇದ್ದಕ್ಕಿದ್ದಂತೆ ಮಂಚದ ಮೇಲೆ ಮೊಣಕಾಲೂರಿ ಎದ್ದು ಕೂಗಿಬಿಟ್ಟಳು:

"ಅಕ್ಕಾ! ಎಡಕ್ಕ! ಎಡಕ್ಕ ತಿರುವ ಅಕ್ಕಾ!"

ಅಡುಗೆಮನೆಯಿಂದ ಸೊಸೆ ಸೌಟು ಹಿಡಿದುಕೊಂಡೇ ಓಡಿಬಂದಳು. ಅಂಗಳದಲ್ಲಿದ್ದ ಮಗ ಬಾಗಿಲಲ್ಲಿ ಬಂದು ನಿಂತ. ಅತ್ತೆ ಚಕ್ರವನ್ನು ಎಡಕ್ಕೆ ತಿರುಗಿಸಿದಳು. ನೀರು ಇಳಿಯಿತು.

ಎಲ್ಲರೂ ತನ್ನನ್ನೇ ನೋಡುತ್ತಿರುವುದು ಸಣ್ಣತ್ತೆಗೆ ಕಂಡಿತು. ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಈ ಸಲ ಯಾರೂ ನಗಲಿಲ್ಲ.

ಅತ್ತೆ ಎಡಗೈಯಿಂದ ತಂಗಿಯ ಕೈಗಳನ್ನು ಮೆಲ್ಲಗೆ ಬಾಯಿಯಿಂದ ಬಿಡಿಸಿ ಹಿಡಿದುಕೊಂಡಳು. ಬಲಗೈಯ ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತಿದಳು. ಕಣ್ಣು ತುಂಬಿ ಆಕೆಗೆ ಅಕ್ಷರಗಳು ಕಾಣುತ್ತಿರಲಿಲ್ಲ.

'ಇನ್ನೊಮ್ಮೆ ಒದರು.'

ಸಣ್ಣತ್ತೆ ಓದಿದಳು. ಅಕ್ಕನ ಮುಖ ನೋಡಿದಳು. ಆಮೇಲೆ, ಓಣಿಗೆಲ್ಲ ಕೇಳಿಸುವಂತೆ, ಒದರಿದಳು.