ಹೆಬ್ಬೆರಳಿನ ಒಪ್ಪಿಗೆ

ಮನುಷ್ಯನಿಗೆ ವಯಸ್ಸಾಯಿತೆಂಬ ಸುದ್ದಿ ಮೊದಲು ಗೊತ್ತಾಗುವುದು ಮನೆಯವರಿಗೆ, ಆಮೇಲೆ ಅಕ್ಕಪಕ್ಕದವರಿಗೆ, ಅವನಿಗೆ ಕಟ್ಟಕಡೆಗೆ. ನನಗೆ ಸುದ್ದಿ ಮುಟ್ಟಿಸಿದವಳು ಹೆಂಡತಿ ಸರೋಜ. ಹತ್ತಿರ ಬಂದು, ಬೀದಿಗೆಲ್ಲ ಕೇಳುವಂತೆ ಕೂಗಿದಳು: “ರೀ, ನಿಮಗೆ ಮರೆವು ಶುರುವಾಗಿದೆ. ಭಾನುವಾರ ಅಕ್ಕನ ಮನೆ ಗೃಹಪ್ರವೇಶ ಅಂತ ಮೂರು ಸಲ ಹೇಳಿದೀನಿ. ಮೂರು ಸಲನೂ ಹೆಬ್ಬೆರಳು ಎತ್ತಿದ್ರಿ. ಈಗ ನೋಡಿದ್ರೆ ತಲೆಗೆ ಎಣ್ಣೆ ಹಚ್ಕೊಂಡು ಕೂತಿದೀರ!”

ಗೃಹಪ್ರವೇಶದ ಸುಳಿವೇ ನನ್ನ ತಲೆಯಲ್ಲಿರಲಿಲ್ಲ. ನಮ್ಮ ದೊಡ್ಡಪ್ಪ ಕೊನೆಗಾಲದಲ್ಲಿ ಹೆತ್ತ ಮಗನನ್ನೇ “ಯಾರಪ್ಪ ನೀನು?” ಎಂದವರು. ನಾನೂ ಅದೇ ದಾರಿ ಹಿಡಿದೆನೆ? ಅಂದಿನಿಂದ ಬಾದಾಮಿ ನೆನೆಸಿ ತಿಂದೆ, ಒಂದೆಲಗದ ಚಟ್ನಿ ತಿಂದೆ, ದಾಸರಹಳ್ಳಿಯ ಮನೆಯಿಂದ ಪೀಣ್ಯದ ವರ್ಕ್‌ಶಾಪಿಗೆ ಕೆಲಸಕ್ಕೆ ನಡೆಯುವಾಗ ಮೊಮ್ಮಕ್ಕಳ ಹೆಸರನ್ನು ಜಪಿಸಿದೆ. ಹೆಸರುಗಳೆಲ್ಲ ಸರಿಯಾಗಿಯೇ ಬಂದವು. ಆದರೂ ಭಯ ಹೋಗಲಿಲ್ಲ.

ಕೊನೆಗೆ ಸರೋಜ ನನ್ನನ್ನು ಡಾಕ್ಟರ ಹತ್ತಿರ ಎಳೆದೊಯ್ದಳು. ಡಾಕ್ಟರಮ್ಮ ನೆನಪಿಗಿಂತ ಮೊದಲು ನನ್ನ ಕಿವಿ ಪರೀಕ್ಷಿಸಿದರು.

“ಏನು ಕೆಲಸ ಸಾರ್?”

“ಮೂವತ್ತು ವರ್ಷದಿಂದ ಪವರ್ ಪ್ರೆಸ್ಸಲ್ಲಿ ತಗಡು ಒತ್ತೋದು ಮೇಡಂ.”

“ಮತ್ತೆ! ಕಿವಿಗೇ ಹೋಗದ್ದು ನೆನಪಲ್ಲಿ ಹೇಗಿರತ್ತೆ? ಅರ್ಧಂಬರ್ಧ ಕೇಳಿಸಿದ್ದನ್ನ ಜೋಡಿಸೋದ್ರಲ್ಲೇ ತಲೆ ಸುಸ್ತಾಗ್ಬಿಡತ್ತೆ. ಹೀಗೇ ಬಿಟ್ರೆ ಮುಂದೆ ನಿಜವಾದ ಮರೆವೇ ಬರಬಹುದು.”

ನಾನು ಬೆಚ್ಚಿಬಿದ್ದೆ. ಪ್ರೆಸ್ಸು ಓಡುವಾಗ ನಮ್ಮ ಶಾಪಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸದು. ಯಾರು ಏನಂದರೂ ಹೆಬ್ಬೆರಳು ಎತ್ತಿ ಕೆಲಸ ಮುಂದುವರಿಸುವುದು ವಾಡಿಕೆ. ಆ ವಾಡಿಕೆ ನನ್ನ ಜೊತೆ ಮನೆಗೂ ಬಂದಿತ್ತು. ‘ಏನಂದೆ?’ ಎಂದು ಎರಡನೇ ಸಲ ಕೇಳಲು ನಾಚಿಕೆ, ಹೆಬ್ಬೆರಳು ಸುಲಭ. ನಾನು ಏನೇನಕ್ಕೆ ಒಪ್ಪಿದ್ದೇನೋ ದೇವರೇ ಬಲ್ಲ!

ಕಿವಿಗೆ ಮಷೀನು ಬಂತು. ಮೊದಲ ದಿನ ಫ್ಯಾನು ಕೇಳಿತು, ಸಾಸಿವೆ ಸಿಡಿದದ್ದು ಕೇಳಿತು. ಆಮೇಲೆ ಒಲೆಯ ಕಡೆ ಮುಖ ಮಾಡಿದ್ದ ಸರೋಜಳ ಮೆಲುದನಿ ಕೇಳಿತು: “ಮಂಡಿ ನೋವಿಗೆ ರಾತ್ರಿಯೆಲ್ಲ ನಿದ್ದೇನೇ ಇಲ್ಲ ಕಣ್ರೀ.”

“ಯಾವಾಗಿಂದ?” ಎಂದೆ.

ಅವಳ ಕೈಯಿಂದ ಸೌಟು ಜಾರಿತು. “ಎರಡು ವರ್ಷದಿಂದ ದಿನಾ ಹೇಳ್ತಾನೇ ಇದೀನಲ್ರೀ!” ಎಂದಳು.

ಮರುದಿನವೇ ರಜೆ ಹಾಕಿ ಅವಳನ್ನು ಮೂಳೆ ಡಾಕ್ಟರ ಬಳಿ ಕರೆದೊಯ್ದೆ. “ಇಷ್ಟು ದಿನ ಮನೆಯಲ್ಲಿ ಯಾರಿಗೂ ಹೇಳಲಿಲ್ಲವೇನಮ್ಮಾ?” ಎಂದು ಅವರು ಬೈದರು. ಸರೋಜ ನನ್ನ ಕಡೆ ತಿರುಗಿದಳು. ಕಿವಿಯಲ್ಲಿ ಹೊಸ ಮಷೀನು ಇಟ್ಟುಕೊಂಡೇ, ಏನೂ ಕೇಳಿಸದವನಂತೆ ಗೋಡೆಯ ಕ್ಯಾಲೆಂಡರ್ ನೋಡುತ್ತ ಕುಳಿತೆ.